ಮಂಗಟ್ಟೆಯ ಕಣಿವೆಗೆ ಧಾರವಾಡದ ನೀರು

ಧಾರವಾಡದ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲೆಯನ್ನು ಜನ ಗುಪ್ತಗಾಮಿನಿ ಎನ್ನುತ್ತಾರೆ. ಹುಬ್ಬಳ್ಳಿಯ ಉಣಕಲ್ಲಿನ ಕಡೆಯಿಂದ ಬರುವ ಹಳ್ಳವೇ ಬೇಡ್ತಿ. ಕಲಘಟಗಿ ಸೀಮೆಯಲ್ಲಿ ಇವೆರಡೂ ಒಂದಾಗುತ್ತವೆ. ಹತ್ತಿ, ಜೋಳದ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ. ಮುಂದೆ ಕಾಡು ಆರಂಭವಾಗುತ್ತದೆ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುವ ನದಿ, ಕರಾವಳಿಯಲ್ಲಿ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. 150 ಕಿಲೋಮೀಟರಿಗೂ ಹೆಚ್ಚಿನ ಈ ಹಾದಿಯಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಮೂರೂ ಉಂಟು.

ಈ ಕಣಿವೆಯ ಮುಖ್ಯ ನಿವಾಸಿ ಮಂಗಟ್ಟೆ ಹಕ್ಕಿ. ಉತ್ತರ ಕನ್ನಡದ ಕಾಡುಗಳಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಬೇಸಿಗೆಯ ಮುನ್ನ ಹೆಣ್ಣು ಹಕ್ಕಿ ಹಳೆಯ ಹೆಮ್ಮರದ ಪೊಟರೆಯೊಳಗೆ ಕುಳಿತು, ಒಂದು ಸೀಳನ್ನಷ್ಟೇ ಉಳಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ತಾಯಿ, ಮರಿ ಇಬ್ಬರ ಹೊಟ್ಟೆಯೂ ಗಂಡು ತರುವ ಹಣ್ಣನ್ನೇ ನೆಚ್ಚಿಕೊಂಡಿರುತ್ತದೆ. ಗಂಡು ಸತ್ತರೆ ಗೂಡಿನ ಸಂಸಾರವೂ ಅಪಾಯಕ್ಕೆ ಸಿಲುಕುತ್ತದೆ. ಅತ್ತಿ, ಆಲ, ರಾಮಪತ್ರೆಯಂಥ ಹಣ್ಣುಗಳನ್ನು ತಿಂದು ಬೀಜವನ್ನು ದೂರ ದೂರ ಬಿತ್ತುವ ಈ ಹಕ್ಕಿ ಕಾಡಿನ ತೋಟಗಾರನೂ ಹೌದು. ಆದರೆ ಪೊಟರೆಯುಳ್ಳ ಮರ ಬೆಳೆಯಲು ಒಂದು ತಲೆಮಾರು ಸಾಲದು.

ಅಂಥ ಮರಗಳಿಗೆ ಕಂಟಕ ಬಂದದ್ದು ಹಳೆಯ ಕತೆ. ಬ್ರಿಟಿಷರ ಕಾಲದಲ್ಲಿ ಸಾಗುವಾನಿಗಾಗಿ, ಸ್ವಾತಂತ್ರ್ಯಾನಂತರ ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳಿಗಾಗಿ ಕಾಡು ಬರಿದಾಯಿತು. ಇದರ ಮೇಲೆ ಬೇಡ್ತಿಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆ ಬಂತು.

ಆ ದಿನಗಳ ಧಾರವಾಡ ಜಿಲ್ಲೆಯನ್ನು ನೆನೆಯಬೇಕು. 1980ರ ಜುಲೈನಲ್ಲಿ ನವಲಗುಂದ ಮತ್ತು ನರಗುಂದದ ರೈತರು ಮಲಪ್ರಭಾ ಕಾಲುವೆಯ ಕರಭಾರದ ವಿರುದ್ಧ ಎದ್ದು ನಿಂತರು. ನೀರು ಸರಿಯಾಗಿ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ ಏಕೆ ಎಂಬುದು ಅವರ ಪ್ರಶ್ನೆ. ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆರು ತಿಂಗಳ ನಂತರ, 1981ರ ಜನವರಿಯಲ್ಲಿ, ಶಿರಸಿಯ ತೋಟಗಾರರ ಸಹಕಾರ ಸಂಘ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಬೇಡ್ತಿ ಯೋಜನೆಯ ಲಾಭ-ನಷ್ಟದ ಲೆಕ್ಕ ಕೇಳಿತು. ಒಂದು ಕಡೆ ಅಣೆಕಟ್ಟು ಕೊಟ್ಟ ಮಾತನ್ನು ನಡೆಸಲಿಲ್ಲವೆಂಬ ಸಿಟ್ಟು, ಇನ್ನೊಂದು ಕಡೆ ಅಣೆಕಟ್ಟೇ ಬೇಡವೆಂಬ ವಾದ. ಎರಡರ ಮೂಲದಲ್ಲೂ ಇದ್ದದ್ದು ಒಂದೇ ಪ್ರಶ್ನೆ: ಯೋಜನೆಯ ಲೆಕ್ಕ ಬರೆಯುವವರು ಯಾರು?

ಶಿರಸಿಯ ಚರ್ಚೆಯಲ್ಲಿ ಮುಂಚೂಣಿಯಲ್ಲಿದ್ದುದು ಅಡಿಕೆ-ಏಲಕ್ಕಿ ತೋಟಗಳೂ ಮುಳುಗಡೆಯಾಗುವ ಕಾಡೂ, ಹಕ್ಕಿಯಲ್ಲ. ಯೋಜನೆ ಕೈಬಿಟ್ಟುಹೋದಾಗ ಮಂಗಟ್ಟೆಯ ಗೂಡೂ ಉಳಿಯಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಹಕ್ಕಿಯ ಹೆಸರು ಸರಕಾರಿ ಕಾಗದಕ್ಕೆ ಬರಲು ಇನ್ನೂ ಕಾಲ ಬೇಕಾಯಿತು. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗಿ ಸಂರಕ್ಷಣಾ ಮೀಸಲು ಎಂಬ ಹೊಸ ವರ್ಗ ಬಂತು. ಇದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವುಂಟು. 2011ರಲ್ಲಿ ಬೇಡ್ತಿ ಕಣಿವೆಯ ಸುಮಾರು 57 ಚದರ ಕಿಲೋಮೀಟರ್ ಕಾಡು ಈ ಮೀಸಲಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮಂಗಟ್ಟೆಯೂ ಮರದರಿಶಿನದ ಬಳ್ಳಿಯೂ ಸೇರಿದ್ದವು.

ಅಣೆಕಟ್ಟೆಂದರೆ ಎಲ್ಲ ಹಕ್ಕಿಗೂ ಶತ್ರುವೆಂದಲ್ಲ. ಕಲಘಟಗಿಗೆ ಹೊಂದಿದ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಜಲಾಶಯ ಮನುಷ್ಯ ಕಟ್ಟಿದ್ದೇ. ಅದರ ನಡುಗಡ್ಡೆಗಳ ಮರಗಳಲ್ಲಿ ಚಮಚ ಕೊಕ್ಕಿನ ಹಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುತ್ತವೆ. ನೀರಹಕ್ಕಿಗೆ ಹೊಸ ಕೆರೆ ಸಿಕ್ಕರೆ ಸಾಕು. ಮಂಗಟ್ಟೆಗೆ ಮುಳುಗಿದ ಕಾಡಿನ ಬದಲು ಬೇರೊಂದು ಕಾಡನ್ನು ಕಟ್ಟಿಕೊಡಲಾಗದು.

ಈಗ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾಪ ಕಣಿವೆಯಲ್ಲಿ ಮತ್ತೆ ಆತಂಕ ಹುಟ್ಟಿಸಿದೆ. ಬಯಲುಸೀಮೆಯ ದಾಹ ಸುಳ್ಳಲ್ಲ. ನವಲಗುಂದ, ಅಣ್ಣಿಗೇರಿಯ ರೈತನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನದಿಯನ್ನು ಕೇಳುವವರು ನದಿಗೆ ಏನು ಕೊಡುತ್ತಿದ್ದೇವೆಂಬುದನ್ನೂ ನೋಡಬೇಕು. ಅವಳಿ ನಗರದ ಕೊಳಚೆ ಬೇಡ್ತಿಯ ಮೇಲ್ಭಾಗವನ್ನು ಕೆಡಿಸಿದೆ. ಮಂಗಟ್ಟೆಯ ಕಣಿವೆಗೆ ಹೋಗುವ ನೀರು ಮೊದಲು ಧಾರವಾಡ, ಹುಬ್ಬಳ್ಳಿಗಳ ಮನೆ ಬಾಗಿಲನ್ನು ದಾಟಿ ಹೋಗುತ್ತದೆ. ಅದರ ರಕ್ಷಣೆಯೂ ಆ ಬಾಗಿಲಿನಿಂದಲೇ ಶುರುವಾಗಬೇಕು.