ಕಾಂಟ್ರಾಕ್ಟರ್ ಮತ್ತೆ ಆಡಿದರು

ನಮ್ಮ ಆಫೀಸಿನ ಕ್ರಿಕೆಟ್ ತಂಡಕ್ಕೆ ಆರು ವರ್ಷದಿಂದ ನಾನೇ ಕ್ಯಾಪ್ಟನ್. ಆಟ ಚೆನ್ನಾಗಿ ಬರುತ್ತದೆ ಅಂತಲ್ಲ. ಹೈದರಾಬಾದಿನ ಟ್ರಾಫಿಕ್ಕಿನಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು ಜನರನ್ನು ಮೈದಾನಕ್ಕೆ ಸೇರಿಸುವುದೂ ಒಂದು ಪ್ರಾಜೆಕ್ಟೇ, ಆ ಕೆಲಸ ನನಗೆ ಗೊತ್ತು. ಹೋದ ವರ್ಷ ನಮ್ಮ ಓಪನರ್, ರಾಯಚೂರಿನ ಹುಡುಗ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಎಂಟು ತಿಂಗಳ ಮೇಲೆ ನೆಟ್ಸಿಗೆ ಬಂದ. ಚೆನ್ನಾಗಿಯೇ ಆಡಿದ. ಆದರೂ ಟೂರ್ನಮೆಂಟಿಗೆ ಪಟ್ಟಿ ಬರೆಯುವಾಗ ಅವನ ಹೆಸರು ಬಿಟ್ಟು, ಸ್ಕೋರ್ ಬರೆಯುವ ಕೆಲಸ ಕೊಟ್ಟೆ.

“ಡಾಕ್ಟರೇ ಆಡು ಅಂದಾರ್ರಿ ಸರ್, ನೀವ್ಯಾಕ ಬ್ಯಾಡ ಅಂತೀರಿ?” ಅಂದ.

“ನಿನ್ನ ಒಳ್ಳೇದಕ್ಕೇ ಕಣಯ್ಯಾ” ಅಂದೆ.

ಆ ಉತ್ತರ ನನಗೇ ಸರಿ ಅನ್ನಿಸಿರಲಿಲ್ಲ. ಯಾಕೆ ಎಂದು ತಿಳಿದದ್ದು ಹಳೆಯ ಕ್ರಿಕೆಟ್ ಚರಿತ್ರೆಯನ್ನು ಮತ್ತೊಮ್ಮೆ ಓದುವಾಗ. 1961ರ ಜುಲೈಯಿಂದ 1962ರ ಮಾರ್ಚ್‌ವರೆಗಿನ ಒಂಬತ್ತು ತಿಂಗಳಲ್ಲಿ ಭಾರತದ ಇಬ್ಬರು ಆಟಗಾರರು ಭೀಕರವಾಗಿ ಗಾಯಗೊಂಡರು. ಇಬ್ಬರೂ ಮತ್ತೆ ಬ್ಯಾಟು ಹಿಡಿದರು. ಒಬ್ಬರ ಕಥೆ ಎಲ್ಲರಿಗೂ ಗೊತ್ತು. ಇನ್ನೊಬ್ಬರದು ಅರ್ಧಕ್ಕೇ ನಿಂತಂತೆ ನಾವು ಹೇಳುತ್ತೇವೆ.

ಮೊದಲನೆಯವರು ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಜುಲೈ 1ರಂದು ಅವರು ಇಪ್ಪತ್ತು ವರ್ಷದ ಹುಡುಗ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತಂಡದ ನಾಯಕ. ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ಅವರು ಕೂತಿದ್ದ ಕಾರು ಇನ್ನೊಂದಕ್ಕೆ ಡಿಕ್ಕಿ ಹೊಡೆಯಿತು. ಒಡೆದ ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತು. ಶಸ್ತ್ರಚಿಕಿತ್ಸೆಯಾದರೂ ಆ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು. ಎರಡು ಕಣ್ಣೂ ಸೇರಿ ನೋಡಿದಾಗಲೇ ನಮಗೆ ದೂರದ ಅಂದಾಜು ಸರಿಯಾಗಿ ಸಿಗುವುದು. ಅದು ತಪ್ಪಿದ್ದರಿಂದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಮೇಜಿನ ಮೇಲೆ ಚೆಲ್ಲುತ್ತಿತ್ತಂತೆ. ಅಂಥವರು ವೇಗದ ಬೌಲರುಗಳನ್ನು ಎದುರಿಸಬೇಕಿತ್ತು.

ಅದೇ ವರ್ಷದ ಕೊನೆಗೆ ಇಂಗ್ಲೆಂಡ್ ತಂಡ ಭಾರತಕ್ಕೆ ಬಂತು. ನಾನೀಗ ಇರುವ ಈ ಹೈದರಾಬಾದಿನಲ್ಲೇ ಅದರ ವಿರುದ್ಧ ಮಂಡಳಿ ಅಧ್ಯಕ್ಷರ ತಂಡದ ಪಂದ್ಯ. ಆ ಇನ್ನಿಂಗ್ಸ್ ಬಗ್ಗೆ ಪಟೌಡಿ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಆಡಲು ಹೋದರೆ ಎರಡೆರಡು ಚೆಂಡು ಕಂಡವು. ಒಳಗಡೆಯದನ್ನು ಆರಿಸಿಕೊಂಡು ಹೊಡೆಯುತ್ತ ಟೀ ವಿರಾಮದವರೆಗೆ ನಿಂತರು. ಆಮೇಲೆ ಲೆನ್ಸ್ ತೆಗೆದು, ಕೆಟ್ಟ ಕಣ್ಣು ಮುಚ್ಚಿಕೊಂಡು 70 ರನ್ ಮುಗಿಸಿದರು. ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಮೊದಲ ಟೆಸ್ಟ್, ಜನವರಿಯಲ್ಲಿ ಮದ್ರಾಸಿನಲ್ಲಿ 103. ನಮ್ಮ ಇ.ಎ.ಎಸ್. ಪ್ರಸನ್ನ ಟೆಸ್ಟಿಗೆ ಕಾಲಿಟ್ಟದ್ದೂ ಆ ಮದ್ರಾಸ್ ಪಂದ್ಯದಲ್ಲೇ. ಸರಣಿಯನ್ನು ಭಾರತ 2-0ರಿಂದ ಗೆದ್ದಿತು. ಇಂಗ್ಲೆಂಡ್ ವಿರುದ್ಧ ನಾವು ಗೆದ್ದ ಮೊದಲ ಸರಣಿ ಅದು.

ಆ ಗೆಲುವಿನ ನಾಯಕ ಎಡಗೈ ಓಪನರ್ ನಾರಿ ಕಾಂಟ್ರಾಕ್ಟರ್. ಗೋಧ್ರಾದಲ್ಲಿ ಹುಟ್ಟಿದ ಪಾರ್ಸಿ, ರಣಜಿಗೆ ಗುಜರಾತ್ ಪರ ಆಡುತ್ತ ಮೊದಲ ಪಂದ್ಯದ ಎರಡೂ ಇನ್ನಿಂಗ್ಸಿನಲ್ಲಿ ಶತಕ ಹೊಡೆದವರು. 1959ರಲ್ಲಿ ಲಾರ್ಡ್ಸ್‌ನಲ್ಲಿ ಬ್ರಯನ್ ಸ್ಟಾಥಮ್ ಎಸೆತಕ್ಕೆ ಪಕ್ಕೆಲುಬು ಮುರಿದರೂ ನಿಂತು 81 ರನ್ ಮಾಡಿದ್ದರು. ಗಟ್ಟಿ ಜೀವ.

ಇಂಗ್ಲೆಂಡನ್ನು ಸೋಲಿಸಿದ ಬೆನ್ನಲ್ಲೇ ಅವರ ತಂಡ ವೆಸ್ಟ್ ಇಂಡೀಸಿಗೆ ಹೋಯಿತು. ಎರಡು ಟೆಸ್ಟ್ ಮುಗಿದು, ಮಾರ್ಚ್ ತಿಂಗಳಲ್ಲಿ ಬಾರ್ಬಡೋಸ್ ತಂಡದ ವಿರುದ್ಧ ಪಂದ್ಯ. ಹೆಲ್ಮೆಟ್ ಇಲ್ಲದ ಕಾಲ. ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಕಾಂಟ್ರಾಕ್ಟರ್ ತಲೆಯ ಬಲಭಾಗಕ್ಕೆ ಬಡಿದು ಬುರುಡೆ ಬಿರಿಯಿತು. ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, ರಕ್ತ ಬೇಕಾಯಿತು. ಎದುರಾಳಿಗಳ ನಾಯಕ ಫ್ರಾಂಕ್ ವೊರೆಲ್ ತೋಳು ಚಾಚಿದರು. ನಮ್ಮವರಲ್ಲಿ ಉಮ್ರಿಗರ್, ಬೋರ್ಡೆ, ನಾಡಕರ್ಣಿ ರಕ್ತ ಕೊಟ್ಟರು. ಕಾಂಟ್ರಾಕ್ಟರ್ ಬದುಕಿಕೊಂಡರು. ಬಂಗಾಳದ ಕ್ರಿಕೆಟ್ ಸಂಸ್ಥೆ ಇಂದಿಗೂ ಫೆಬ್ರವರಿ 3ರಂದು ವೊರೆಲ್ ಹೆಸರಿನಲ್ಲಿ ರಕ್ತದಾನ ಶಿಬಿರ ನಡೆಸುತ್ತದೆ.

ಮುಂದಿನ ಟೆಸ್ಟಿಗೆ ನಾಯಕ ಯಾರು? ಉಪನಾಯಕ ಪಟೌಡಿ. ವಯಸ್ಸು 21 ವರ್ಷ 77 ದಿನ. ಅಲ್ಲಿಯವರೆಗೆ ಟೆಸ್ಟ್ ತಂಡವನ್ನು ಅಷ್ಟು ಚಿಕ್ಕ ವಯಸ್ಸಿನವರು ಯಾರೂ ಮುನ್ನಡೆಸಿರಲಿಲ್ಲ. ತಲೆ ಒಡೆದ ನಾಯಕನ ಜಾಗಕ್ಕೆ ಒಂದೇ ಕಣ್ಣಿನ ನಾಯಕ ಬಂದಂತಾಯಿತು. ಆ ಸರಣಿಯ ಐದೂ ಟೆಸ್ಟ್ ಸೋತೆವು. ಆದರೆ ಪಟೌಡಿ ಉಳಿದರು. ನಿಲುವನ್ನು ಬದಲಿಸಿಕೊಂಡು, ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು 46 ಟೆಸ್ಟ್ ಆಡಿದರು. ಅವುಗಳಲ್ಲಿ 40ಕ್ಕೆ ಅವರೇ ನಾಯಕ. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ವಿದೇಶದ ಮೊದಲ ಸರಣಿ ಗೆದ್ದದ್ದು ಅವರ ಕೈಕೆಳಗೇ. ಬಾಲ್ಯದ ಪೋಲಿಯೋದಿಂದ ಬಲಗೈ ಸೊರಗಿದ್ದ ನಮ್ಮ ಚಂದ್ರಶೇಖರ್ 1964ರಲ್ಲಿ ಮೊದಲ ಟೆಸ್ಟ್ ಆಡಿದಾಗ ಚೆಂಡನ್ನು ಅದೇ ಕೈಗೆ ಕೊಟ್ಟ ನಾಯಕರೂ ಇವರೇ.

ಇನ್ನು ಕಾಂಟ್ರಾಕ್ಟರ್. ಬುರುಡೆಯಲ್ಲಿ ಲೋಹದ ತಗಡು ಕೂತಿತು. ಅದನ್ನು ತೆಗೆದದ್ದು ಅರವತ್ತು ವರ್ಷದ ಮೇಲೆ, 2022ರಲ್ಲಿ. ಅಲ್ಲಿಗೆ ಆಟ ಮುಗಿಯಿತು ಎಂದೇ ನಾನೂ ಅಂದುಕೊಂಡಿದ್ದೆ. ಇಲ್ಲ. ವರ್ಷ ತುಂಬುವುದರೊಳಗೆ ಅವರು ಮೊದಲ ದರ್ಜೆಯ ಕ್ರಿಕೆಟ್ಟಿಗೆ ಮರಳಿದರು. 1970-71ರವರೆಗೆ ಆಡಿದರು. ಭಾರತಕ್ಕೆ ಮತ್ತೆ ಆಡುವ ಆಸೆಯೂ ಇತ್ತು. ಆದರೆ 31 ಟೆಸ್ಟಿಗೆ ನಿಂತ ಲೆಕ್ಕ ಮುಂದೆ ಹೋಗಲೇ ಇಲ್ಲ. ಆಯ್ಕೆಯ ಪಟ್ಟಿಯಲ್ಲಿ ಅವರ ಹೆಸರು ಮತ್ತೆ ಬರಲಿಲ್ಲ.

ಆಯ್ಕೆದಾರರು ಕೆಟ್ಟವರು ಎಂದು ನಾನು ಹೇಳಲಾರೆ. ಬರಿತಲೆಯಲ್ಲಿ ಆಡುವ ಕಾಲ, ಇನ್ನೊಂದು ಪೆಟ್ಟು ಬಿದ್ದರೆ ಆ ಪಾಪ ಯಾರ ತಲೆಗೆ? ಆ ಭಯ ಅರ್ಥವಾಗುತ್ತದೆ. ಆದರೆ ಗಾಯದಿಂದ ಮರಳಿದವರ ಕಥೆಯನ್ನು ನಾವು ಬರೀ ಛಲದ ಕಥೆ ಮಾಡಿಬಿಡುತ್ತೇವಲ್ಲ, ಅದು ತಪ್ಪು. ಛಲ ಇಬ್ಬರಿಗೂ ಇತ್ತು. ದೇಹ ತನ್ನ ಪಾಲಿನ ಕೆಲಸ ಮಾಡಿದ ಮೇಲೆ ಇನ್ನೊಬ್ಬರು ಕರೆಯಬೇಕು. ಪಟೌಡಿಯನ್ನು ಕರೆದರು. ಕಾಂಟ್ರಾಕ್ಟರ್ ಅವರನ್ನು ಕರೆಯಲಿಲ್ಲ. ಕರೆಯದಿದ್ದರೂ ಅವರು ಎಂಟು ವರ್ಷ ಪ್ಯಾಡ್ ಕಟ್ಟಿ ಹೊಸ ಚೆಂಡಿಗೆ ಎದುರು ನಿಂತರು. ಆ ವರ್ಷಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನ “ಒಳ್ಳೇದಕ್ಕೇ” ಎಂಬ ಮಾತಿನಲ್ಲಿದ್ದದ್ದು ಅವನ ಒಳ್ಳೆಯದಲ್ಲ, ನನ್ನ ಭಯ. ಅವನಿಗೇನಾದರೂ ಆದರೆ ನಾನು ಏನು ಹೇಳಲಿ ಎಂಬ ಭಯ. ಅದಕ್ಕೆ ಮದ್ದು ಬೇರೆ ಇತ್ತು: ಡಾಕ್ಟರ ಚೀಟಿ ಕೇಳಬಹುದಿತ್ತು, ಒಳ್ಳೆಯ ಹೆಲ್ಮೆಟ್ ಕೊಡಿಸಬಹುದಿತ್ತು, ಅವನನ್ನೇ ಕೂರಿಸಿಕೊಂಡು ಮಾತಾಡಬಹುದಿತ್ತು. ನಾನು ಪಟ್ಟಿಯಿಂದ ಹೆಸರು ತೆಗೆದೆ. ಅದೇ ಸುಲಭದ ದಾರಿ.

ಈ ಸಲದ ಪಟ್ಟಿ ಕಳಿಸುವ ಮೊದಲು ಅವನಿಗೆ ಫೋನ್ ಮಾಡಿದೆ. ಭಾನುವಾರ ಬರ್ತೀಯಾ ಎಂದೆ.

“ಬರ್ತೀನ್ರಿ ಸರ್. ಸ್ಕೋರ್ ಬುಕ್ ನನ್ನ ಹತ್ರಾನೇ ಐತಿ, ತರ್ತೀನಿ” ಅಂದ.

“ಅದನ್ನ ನನಗೆ ಕೊಡಪ್ಪಾ, ನಾನು ಬರೀತೀನಿ. ನೀನು ಡಾಕ್ಟರ ಚೀಟಿ, ಹೆಲ್ಮೆಟ್ಟು, ಪ್ಯಾಡು ತಗೊಂಡು ಬಾ” ಅಂದೆ.