ಸಾಗರ ಪರಿಸರ ವ್ಯವಸ್ಥೆಯಲ್ಲಿ ಶಾರ್ಕ್‌ಗಳ ಪಾತ್ರ

ಶಾರ್ಕ್‌ಗಳು ಮೂಳೆಯ ಬದಲಿಗೆ ಮೃದ್ವಸ್ಥಿಯ ಅಸ್ಥಿಪಂಜರವನ್ನು ಹೊಂದಿರುವ ಮೀನುಗಳು. ಕರ್ನಾಟಕದ ಕರಾವಳಿಯಲ್ಲಿ ಇವನ್ನು ತಾಟೆ ಎಂದೂ ಕರೆಯುತ್ತಾರೆ. ಇವುಗಳಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಹುಲಿ ಶಾರ್ಕ್, ಬಿಳಿ ಶಾರ್ಕ್ ಮೊದಲಾದ ದೊಡ್ಡ ಪ್ರಭೇದಗಳು ಆಹಾರ ಸರಪಳಿಯ ತುದಿಯಲ್ಲಿದ್ದು, ಕೆಳಗಿನ ಹಂತದ ಜೀವಿಗಳ ಸಂಖ್ಯೆಯ ಮೇಲೂ ನಡವಳಿಕೆಯ ಮೇಲೂ ಪ್ರಭಾವ ಬೀರುತ್ತವೆ.

ಶಾರ್ಕ್ ಕೊಲ್ಲಿಯ ನಿದರ್ಶನ

ಈ ಪ್ರಭಾವವನ್ನು ದೀರ್ಘಕಾಲ ಅಧ್ಯಯನ ಮಾಡಿರುವ ಸ್ಥಳಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿ ಮುಖ್ಯವಾದುದು. 1991ರಲ್ಲಿ ವಿಶ್ವ ಪರಂಪರೆಯ ತಾಣವಾದ ಈ ಕೊಲ್ಲಿಯಲ್ಲಿ ವಿಶಾಲವಾದ ಕಡಲಹುಲ್ಲಿನ ಬಯಲುಗಳಿವೆ. ಈ ಹುಲ್ಲು ಮೀನುಮರಿಗಳಿಗೆ ಆಶ್ರಯ ನೀಡುತ್ತದೆ, ತಳದ ಮಣ್ಣನ್ನು ಹಿಡಿದಿಡುತ್ತದೆ, ಇಂಗಾಲವನ್ನು ಸಂಗ್ರಹಿಸುತ್ತದೆ. ಕಡಲಹಸುಗಳು (ಡ್ಯೂಗಾಂಗ್) ಮತ್ತು ಹಸಿರು ಕಡಲಾಮೆಗಳು ಇದನ್ನು ಮೇಯುತ್ತವೆ.

ಬೆಚ್ಚಗಿನ ತಿಂಗಳುಗಳಲ್ಲಿ ಇಲ್ಲಿ ಹುಲಿ ಶಾರ್ಕ್‌ಗಳು ಹೆಚ್ಚುತ್ತವೆ. ಆಗ ಕಡಲಹಸುಗಳು ಹುಲ್ಲನ್ನು ಬೇರುಸಮೇತ ಅಗೆದು ತಿನ್ನುವುದನ್ನು ಕಡಿಮೆ ಮಾಡುತ್ತವೆ; ತಲೆಯನ್ನು ಮಣ್ಣಿನಲ್ಲಿ ಹುದುಗಿಸಿದರೆ ಶತ್ರುವಿನ ಮೇಲೆ ಕಣ್ಣಿಡಲಾಗದು. ತಪ್ಪಿಸಿಕೊಳ್ಳಲು ಕಷ್ಟವಾದ ಸ್ಥಳಗಳಿಂದಲೂ ಅವು ದೂರವಿರುತ್ತವೆ. ಹೀಗೆ ಶಾರ್ಕ್ ತಾನು ಕೊಲ್ಲುವುದರಿಂದ ಮಾತ್ರವಲ್ಲ, ತಾನು ಹುಟ್ಟಿಸುವ ಭಯದಿಂದಲೂ ಹುಲ್ಲನ್ನು ಕಾಯುತ್ತದೆ.

2011ರ ಕಡಲ ಶಾಖದ ಅಲೆಯಿಂದ ಇಲ್ಲಿನ ಹುಲ್ಲು ದೊಡ್ಡ ಪ್ರಮಾಣದಲ್ಲಿ ನಾಶವಾಯಿತು. ಅನಂತರ ಸಂಶೋಧಕರು ಕಡಲಹಸುಗಳ ಮೇಯುವಿಕೆಯನ್ನು ಅನುಕರಿಸಿ ಪ್ರಯೋಗ ನಡೆಸಿದರು. ಶಾರ್ಕ್‌ಗಳ ಭಯವಿಲ್ಲದೆ ಅತಿಯಾದ ಮೇಯುವಿಕೆ ನಡೆದರೆ, ಹಾನಿಗೊಂಡ ಬಯಲುಗಳ ಚೇತರಿಕೆಗೆ ಅಡ್ಡಿಯಾಗುತ್ತದೆಂದು ಇದರಿಂದ ತಿಳಿದುಬಂದಿತು.

ಭಿನ್ನಾಭಿಪ್ರಾಯ

ಎಲ್ಲೆಡೆ ಪರಿಣಾಮ ಒಂದೇ ರೀತಿಯದಲ್ಲ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ದೊಡ್ಡ ಶಾರ್ಕ್‌ಗಳು ಕಡಿಮೆಯಾದುದರಿಂದ ತೊರಕೆ ಮೀನುಗಳು ಹೆಚ್ಚಿ, ಸ್ಕ್ಯಾಲಪ್ ಚಿಪ್ಪುಜೀವಿಗಳನ್ನು ತಿಂದು ಮುಗಿಸಿದವೆಂದು 2007ರ ಅಧ್ಯಯನವೊಂದು ವಾದಿಸಿತು. 2016ರ ಮರುಪರಿಶೀಲನೆ ಈ ತೀರ್ಮಾನವನ್ನು ಒಪ್ಪಲಿಲ್ಲ.

ಅಪಾಯ ಮತ್ತು ಸಂರಕ್ಷಣೆ

ಅನೇಕ ಶಾರ್ಕ್‌ಗಳು ತಡವಾಗಿ ಪ್ರೌಢಾವಸ್ಥೆಗೆ ಬಂದು ಕೆಲವೇ ಮರಿಗಳನ್ನು ಹಾಕುತ್ತವೆ. ಆದುದರಿಂದ ಅತಿಯಾದ ಮೀನುಗಾರಿಕೆಯಿಂದಾಗುವ ನಷ್ಟ ಬೇಗನೆ ತುಂಬಿಬರುವುದಿಲ್ಲ. 1970ರಿಂದ ಸುಮಾರು ಅರ್ಧ ಶತಮಾನದಲ್ಲಿ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ಭಾರತದಲ್ಲಿ 2001ರಿಂದ ತಿಮಿಂಗಿಲ ಶಾರ್ಕ್‌ಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ರೆಕ್ಕೆಗಳನ್ನಷ್ಟೇ ಕತ್ತರಿಸಿ ದೇಹವನ್ನು ಕಡಲಿಗೆಸೆಯುವುದನ್ನು ತಡೆಯಲು, ಹಿಡಿದ ಶಾರ್ಕನ್ನು ರೆಕ್ಕೆಸಹಿತವಾಗಿಯೇ ದಡಕ್ಕೆ ತರಬೇಕೆಂಬ ನಿಯಮ 2013ರಲ್ಲಿ ಬಂದಿತು. 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಲಾಯಿತು.