ವಾಸ್ತುಕರ್ಮದಲ್ಲಿ ಯಜಮಾನ, ನೆಲ ಮತ್ತು ಊರು

ದೇವಾಲಯವೊಂದರ ಇತಿಹಾಸವನ್ನು ಬರೆಯುವಾಗ ಅದು ಇಂಥ ಅರಸನ ಕಾಲದ್ದೆಂದು ಹೇಳಿ ಮುಗಿಸುವ ರೂಢಿಯು ನಮ್ಮಲ್ಲಿ ಬೇರೂರಿರುವದು. ವಾಸ್ತುಶಾಸ್ತ್ರವನ್ನು ಓದಿದವರಾದರೋ, ಕಟ್ಟಡವೆಲ್ಲವೂ ಗ್ರಂಥವಿಧಿಯಿಂದಲೇ ಎದ್ದಿತೆಂದು ಭಾವಿಸುವರು. ಪಾಠಶಾಲೆಯಲ್ಲಿ ಕಲಿತ ಈ ಲೇಖಕನೂ ಬಹುಕಾಲ ಹಾಗೆಯೇ ತಿಳಿದಿದ್ದನು. ಆದರೆ ಶಾಸ್ತ್ರಗಳನ್ನೂ ನಿಪ್ಪಾಣಿಯ ಸುತ್ತಣ ಕೃಷ್ಣಾಪ್ರಾಂತದ ದೇವಾಲಯಗಳನ್ನೂ ಒಟ್ಟಿಗೆ ವಿಚಾರಿಸಿದರೆ ಬೇರೆ ಸಂಗತಿಯು ಹೊಳೆಯುವದು.

ಮೊದಲು ಯಜಮಾನನನ್ನು ನೋಡುವಾ. ಶುಲ್ಬಸೂತ್ರಗಳಲ್ಲಿ ಚಿತಿಯನ್ನು ಅಳೆಯುವ ಮಾನಕ್ಕೆ ‘ಪುರುಷ’ವೆಂದು ಹೆಸರು. ಕೈಗಳನ್ನೆತ್ತಿ ನಿಂತ ಯಜಮಾನನ ಎತ್ತರವೇ ಅದು. ಯಜಮಾನನು ಬೇರೆಯಾದರೆ ಚಿತಿಯ ಅಳತೆಯೂ ಬೇರೆಯಾಗುವದು.

ಎರಡನೆಯದು ನೆಲ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಪರೀಕ್ಷೆಯ ಕ್ರಮವನ್ನು ಹೇಳಿರುವನು. ಒಂದು ಹಸ್ತದ ಕುಣಿಯನ್ನು ತೋಡಿ ಅದೇ ಮಣ್ಣಿನಿಂದ ಮುಚ್ಚಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ಅಧಮ. ಕುಣಿಯಲ್ಲಿ ನೀರು ತುಂಬಿ, ನೂರು ಹೆಜ್ಜೆ ನಡೆದು ಮರಳಿದಾಗ ನೀರು ಕುಂದದಿದ್ದರೆ ಪ್ರಶಸ್ತ. ಬಿಗಿಯಾದ ನೆಲದ ಮಣ್ಣು ಅಗೆದಾಗ ಹೆಚ್ಚುವದು, ಸಡಿಲವಾದ ನೆಲವು ನೀರನ್ನು ಹೀರುವದು. ಇಲ್ಲಿ ಗ್ರಂಥವು ಪ್ರಶ್ನೆಯನ್ನು ಮಾತ್ರ ಕಲಿಸುವದು. ಉತ್ತರವನ್ನು ನೆಲವೇ ಕೊಡಬೇಕು.

ಸ್ಥಳದ ಗಾಳಿಬೆಳಕುಗಳನ್ನು ಒಳಗೊಂಡ ರಚನೆಗೆ ಖಿದ್ರಾಪುರದ ಕೋಪೇಶ್ವರವು ನಿದರ್ಶನ. ಕಾಗವಾಡದ ಸೀಮೆಗೆ ಹತ್ತಿರ, ಈಗಿನ ಕೊಲ್ಲಾಪುರ ಜಿಲ್ಲೆಯಲ್ಲಿ, ಕೃಷ್ಣೆಯ ದಡದ ಮೇಲೆ ಅದಿರುವದು. ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಅದರ ಸ್ವರ್ಗಮಂಟಪದ ನಡುಛಾವಣಿಯು ದುಂಡಾಗಿ ತೆರೆದಿದೆ. ಕೆಳಗೆ ದುಂಡಾದ ಶಿಲೆ, ಸುತ್ತಲೂ ವರ್ತುಲವಾಗಿ 12 ಕಂಬಗಳು. ಹೋಮದ ಹೊಗೆಗಾಗಿ ಹಾಗೆ ಬಿಟ್ಟರೆಂದು ಜನರು ಹೇಳುವರು. ಪ್ರಯೋಜನವೇನೇ ಇರಲಿ, ಆಕಾಶವನ್ನೇ ಮಂಟಪದ ಅಂಗವನ್ನಾಗಿ ಮಾಡಿಕೊಂಡ ಸ್ಥಪತಿಯು ಬಿಸಿಲು ಮಳೆಗಳನ್ನು ಮರೆತಿರಲಾರನು.

ಮೂರನೆಯದು ಊರು. ರಾಯಬಾಗ ಅಥಣಿಗಳಿಗೆ ದೂರವಲ್ಲದ ತೇರದಾಳದಲ್ಲಿ ಮಾಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿದನು. ಕ್ರಿ. ಶ. 1122-23ರ ಅಲ್ಲಿಯ ಶಾಸನವು ಗೊಂಕನೊಡನೆ ರಟ್ಟ ಕಾರ್ತವೀರ್ಯನನ್ನೂ ಮಾಘನಂದಿ ಸೈದ್ಧಾಂತಿಕರನ್ನೂ ಹೆಸರಿಸುವದು. ಅದೇ ಕಲ್ಲಿನಲ್ಲಿ ಮುಂದೆ ವರ್ತಕಸಮುದಾಯವು ಕೊಟ್ಟ ದತ್ತಿಯೂ ದಾಖಲಾಗಿದೆ.

ದತ್ತಿಯು ರಚನೆಗೆ ಸಾಕ್ಷಿಯಲ್ಲವೆಂದು ವಿದ್ವಾಂಸರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದದ್ದೇ, ಮಂಟಪದ ಅಳತೆಯನ್ನು ವರ್ತಕರು ಗೊತ್ತುಮಾಡಿದರೆಂದು ನಾವು ಹೇಳುವದಿಲ್ಲ. ಆದರೆ ದೀಪ ಪೂಜೆಗಳನ್ನೂ ಜೀರ್ಣೋದ್ಧಾರವನ್ನೂ ಹೊರುವ ಜನರಿಲ್ಲದ ಕಟ್ಟಡವು ಕಲ್ಲಿನ ರಾಶಿಯಾಗಿ ಉಳಿಯುವದು. ಯಾದವ ಸಿಂಘಣನು ಕೋಪೇಶ್ವರನಿಗೆ 1213ರಲ್ಲಿ ಗ್ರಾಮದಾನ ಮಾಡಿದ್ದೂ ಇದನ್ನೇ ಸೂಚಿಸುವದು: ಕಟ್ಟಿಸಿದವರ ಕಾಲಾನಂತರವೂ ಕಟ್ಟಡಕ್ಕೆ ಆಶ್ರಯವು ಬೇಕು.

ಆದುದರಿಂದ ದೇವಾಲಯವನ್ನು ಪರಿಶೀಲಿಸುವವರು ರಾಜನ ಹೆಸರನ್ನು ಗುರುತಿಸಿದ ಮಾತ್ರಕ್ಕೆ ನಿಲ್ಲದೆ, ಕಟ್ಟಿಸಿದವನ ಉದ್ದೇಶವೇನು, ನೆಲದ ಗುಣವೆಂಥದು, ನಡೆಸಿಕೊಂಡು ಬಂದವರು ಯಾರೆಂಬ ಮೂರು ಪ್ರಶ್ನೆಗಳನ್ನೂ ಕೇಳತಕ್ಕದ್ದು. ಇಂದು ವಾಸ್ತುವೆಂದರೆ ಬಾಗಿಲಿನ ದಿಕ್ಕಿನ ಶುಭಾಶುಭವೆಂದಷ್ಟೇ ತಿಳಿಯುವವರಿಗೂ ವರಾಹಮಿಹಿರನ ಆ ಒಂದು ಹಸ್ತದ ಕುಣಿಯು ಪಾಠವನ್ನು ಹೇಳೀತು.